‘ಬರ್ತೀವಿ’ ಎಂದರೆ ತಿರುಗಿಬಿಡುವ ಆಮೆ

ಹುಣಸಿಕೊಪ್ಪ, ಎರಡು ಸಾವಿರದ ಇನ್ನೂರ ಹದಿನಾರನೇ ಇಸವಿ, ಫೆಬ್ರವರಿ ಮೂವತ್ತು

ಕಾರಿನ ಡಿಕ್ಕಿಯಲ್ಲಿ ಚೀಲ ತುರುಕುತ್ತಿರುವ ನಮ್ಮ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ದೊಡ್ಡವ್ವ ನೀಲಗಂಗವ್ವ. ಹೇಳಿದ್ದು ಹೋದ ವರ್ಷ, ನುಂಗುದಾರಿ ಕೆಟ್ಟು ನಿಂತ ಸಂಜೆ. ತಾರೀಖು ನೋಡಿ ನಗಬೇಡಿ; ನಿಮ್ಮ ಕಾಲವಾದ ಮೇಲೆ ಯಾರೋ ಪುಣ್ಯಾತ್ಮರು ಫೆಬ್ರವರಿಗೂ ಅದರ ಪಾಲಿನ ದಿನ ಕೊಡಿಸಿದರು. ನಮ್ಮ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ನಿಮ್ಮ ಮಾತುಗಳೂ ನಮಗೆ ಹಾಗೆಯೇ ಕೇಳಿಸುತ್ತವೆ. ‘ಟೋಲ್‌ಗೇಟ್’ ಎಂಬುದು ಒಂದು ದೇವರ ಹೆಸರೆಂದೇ ನಾನು ಬಹಳ ದಿನ ತಿಳಿದಿದ್ದೆ, ಎಲ್ಲರೂ ನಿಂತು ಕಾಣಿಕೆ ಕೊಟ್ಟು ಮುಂದೆ ಹೋಗುತ್ತಿದ್ದರಂತಲ್ಲ.

ನುಂಗುದಾರಿ ಎಂದರೆ ನೆಲದೊಳಗಿನ ಕೊಳವೆ. ಒಂದೂರಿನಲ್ಲಿ ನಮ್ಮನ್ನು ನುಂಗಿ ಇನ್ನೊಂದೂರಿನಲ್ಲಿ ಉಗುಳುತ್ತದೆ. ಬಾಯಲ್ಲಿ ಹಾಕಿಕೊಂಡ ಅಡಿಕೆ ಮೆತ್ತಗಾಗುವುದರೊಳಗೆ ಹೈದರಾಬಾದ್ ಬಂದಿರುತ್ತದೆ. ಎರಡೂರುಗಳ ನಡುವೆ ಏನಿದೆ ಎಂದು ಮಕ್ಕಳನ್ನು ಕೇಳಿದರೆ ‘ಕತ್ತಲೆ’ ಎನ್ನುತ್ತವೆ. ನಿಮ್ಮ ಹೆದ್ದಾರಿಗಳು ಮೇಲೆ ಹಾಗೇ ಇವೆ, ಬಿರುಕುಗಳಲ್ಲಿ ಹುಲ್ಲು ಬೆಳೆದಿದೆ, ಆಡು ಮೇಯುತ್ತವೆ. ಒಂದೊಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಸಲ ಆ ದಾರಿಯಲ್ಲಿ ಕೆಲವು ವಾರ ಬಂಡಿಯಲ್ಲಿ ತಿರುಗಲು ಅವಕಾಶ ಸಿಗುತ್ತದೆ. ಅದನ್ನು ‘ಹಾದಿಪಾಳಿ’ ಎನ್ನುತ್ತೇವೆ. ತಿರುಗಲು ಕೊಡುವ ಬಂಡಿಯ ಹೆಸರು ‘ಆಮೆ’: ಬಿಸಿಲು ಕುಡಿದು ನಿಧಾನವಾಗಿ ನಡೆಯುವ, ನಡೆಸುವವನಿಲ್ಲದ, ಮಾತು ಕೇಳುವ ಬಂಡಿ.

ದೊಡ್ಡವ್ವನ ಮನೆಗೆ ಪಾಳಿ ಬಂದಾಗ ಅವಳ ಅತ್ತೆ ಗುರುಸಿದ್ದವ್ವನಿಗೆ ಎಂಬತ್ತು ದಾಟಿತ್ತು. ಮದುವೆಯಾಗಿ ಬಂದಂದಿನಿಂದ ಮುದುಕಿ ಕಾಯುತ್ತಿದ್ದದ್ದು ಇದನ್ನೇ. ಯೋಜನೆ ಹಾಕಲು ನೀಲಗಂಗವ್ವ ಒಂದು ಜೋಳದ ರೊಟ್ಟಿಯನ್ನು ಮುರಿದು, ಚೂರುಗಳನ್ನು ಊರುಗಳಾಗಿ ಪಡಸಾಲೆಯ ಹಾಸುಗಲ್ಲಿನ ಮೇಲೆ ಸಾಲಾಗಿ ಇಟ್ಟಳು. ವಿಜಯಪುರ, ಸೋಲಾಪುರ, ಕಲಬುರಗಿ, ಹೈದರಾಬಾದ್, ಅಲ್ಲಿಂದ ಕೆಳಗಿಳಿದು ಬಳ್ಳಾರಿ, ಬೆಂಗಳೂರು, ಮೈಸೂರು. ಅವಳ ಗಂಡ ಚನ್ನವೀರನಿಗೆ ದೊಡ್ಡ ಪಟ್ಟಣಗಳಲ್ಲಿ ಹೆಚ್ಚು ದಿನ ಉಳಿಯುವ ಆಸೆ.

“ಪಟ್ಟಣ ನುಂಗುದಾರ್ಯಾಗೂ ನೋಡ್ತೀವಿ,” ಎಂದಳು ನೀಲಗಂಗವ್ವ. “ನಡುವ ಇರೂದು ನೋಡೂಣು. ಹೆಸರಿಲ್ಲದ ಜಾಗಾದಾಗ ಇಳದು ಚಹಾ ಕುಡಿಯೂಣು.”

“ಹೆಸರಿಲ್ಲದ ಜಾಗಾದಾಗ ಚಹಾ ಯಾರು ಮಾಡ್ತಾರ, ನಿಮ್ಮಪ್ಪನ?”

ಇವರು ಹೀಗೆ ಜಗಳಾಡುತ್ತಿರುವಾಗ ಮುದುಕಿ ಒಂದು ಚೂರನ್ನು ಶೇಂಗಾ ಹಿಂಡಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು.

“ಅತ್ಯಾರ! ಸೋಲಾಪುರ ತಿಂದ್ಬಿಟ್ರಲ್ರೀ!”

“ಚಲೋ ಆತು ಬಿಡು, ಒಂದಿನ ಉಳೀತು. ಆ ದಿನ ನನ್ನ ಚೀರುದೋಟಕ್ಕ ಹಾಕು.”

ನೀವು ಥೀಮ್ ಪಾರ್ಕ್ ಎನ್ನುತ್ತಿದ್ದುದೇ ನಮ್ಮ ಚೀರುದೋಟ. ಜನ ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು, ಬೆಲ್ಟು ಬಿಗಿದುಕೊಂಡು ಬೇಕೆಂದೇ ಚೀರುತ್ತಿದ್ದ ಜಾಗ. ಹೈದರಾಬಾದಿನ ಆಚೆ ಒಂದು, ಬೆಂಗಳೂರಿನ ಬಳಿ ಒಂದು ಇನ್ನೂ ಉಳಿದಿವೆ. ಅಲ್ಲಿಗೇ ಯಾಕೆ ಎಂದು ಮಗ ಕೇಳಿದ್ದಕ್ಕೆ ಗುರುಸಿದ್ದವ್ವ ಹೇಳಿದಳಂತೆ: “ಸೊಸಿ ಮುಂದ ಚೀರಿದ್ರ ಜಗಳ ಅಂತಾರ. ಗುಡಿ ಮುಂದ ಚೀರಿದ್ರ ಮೈಮ್ಯಾಲ ಬಂತು ಅಂತಾರ. ಸುಮ್ಮ ಚೀರಾಕ ಒಂದು ಜಾಗಾ ಐತೆಲ್ಲಾ, ಸಾಯೂದರೊಳಗ ಅಲ್ಲಿ ಕರಕೊಂಡು ಹೋಗ್ರಿ.”

ಹೊರಡುವ ಬೆಳಿಗ್ಗೆ ಓಣಿಗೆ ಓಣಿಯೇ ಅಂಗಳಕ್ಕೆ ಬಂದಿತ್ತು. ಆಮೆಯನ್ನು ಮಾಡಿದವರು ದೂರದ ದೇಶದವರು. ಯಾರನ್ನೂ ಅವರ ಮನಸ್ಸಿಗೆ ವಿರುದ್ಧವಾಗಿ ಒಯ್ಯಬಾರದೆಂಬ ಒಳ್ಳೆಯ ಬುದ್ಧಿಯಿಂದ, ಪ್ರತಿ ಸಲ ಹೊರಡುವಾಗಲೂ ಅದು ಒಂದು ಪ್ರಶ್ನೆ ಕೇಳುವಂತೆ ಮಾಡಿದ್ದರು. ಆಮೆ ಕೇಳಿತು: “ಹೋಗುತ್ತೀರೋ, ಬರುತ್ತೀರೋ?”

ಗುರುಸಿದ್ದವ್ವ ಓಣಿಯ ಕಡೆ ಕೈಮುಗಿದು, “ಬರ್ತೀವಪಾ,” ಎಂದಳು.

ಆಮೆ ಎರಡು ಮಾರು ಮುಂದೆ ಹೋಗಿ, ಗರಕ್ಕನೆ ತಿರುಗಿ, ಮತ್ತೆ ಅಂಗಳಕ್ಕೆ ಬಂದು ನಿಂತಿತು. “ನೀವು ಹಿಂದಿರುಗಿದ್ದೀರಿ. ಮನೆಗೆ ಸುಸ್ವಾಗತ.” ಓಣಿ ಬಿದ್ದು ಬಿದ್ದು ನಕ್ಕಿತು. “ಏನಬೇ ಗುರುಸಿದ್ದವ್ವ, ಹೈದರಾಬಾದ ಹೆಂಗಿತ್ತು?” ಎಂದು ಯಾರೋ ಕೂಗಿದರು.

ಎರಡನೆಯ ಸಲ ಚನ್ನವೀರ ತಾನೇ ಉತ್ತರ ಕೊಡುತ್ತೇನೆಂದು ಮುಂದೆ ಕುಳಿತ. ‘ನಡಿ’ ಎಂದ, ‘ಹೊಂಡು’ ಎಂದ, ‘ಹೂಂ’ ಎಂದ. ಆಮೆ ತಾಳ್ಮೆಯಿಂದ ಅದೇ ಪ್ರಶ್ನೆ ಕೇಳಿತು. ಅಷ್ಟರಲ್ಲಿ ಓಣಿಯವರೆಲ್ಲ ಒಟ್ಟಿಗೆ, “ಹೋಗಿ ಬರ್ರಿ!” ಎಂದರು. ಇವನ ಬಾಯಿಂದ ತಾನಾಗಿಯೇ “ಹೂಂ, ಬರ್ತೀವಿ, ಬರ್ತೀವಿ” ಬಂದುಬಿಟ್ಟಿತು. ಆಮೆ ಮತ್ತೆ ಸುಸ್ವಾಗತ ಹೇಳಿತು. ಈ ಸಲ ಯಾರೂ ನಗಲಿಲ್ಲ. ಮೂರನೆಯ ಸಲ ಹಿಂದಿರುಗಿದರೆ ಪಾಳಿ ಮುಗಿದಂತೆ. ಬಂಡಿ ಬೇರೆ ಮನೆಗೆ ಹೋಗುತ್ತದೆ.

ಆಮೆ ಕಾಯುತ್ತಿದ್ದ ಮಾತು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಬಾಗಿಲು ದಾಟುವವರು ನಮ್ಮಲ್ಲಿ ‘ಹೋಗ್ತೀವಿ’ ಎನ್ನುವುದುಂಟೆ? ಹೋಗುವವರು ಹೆಣವಾಗಿ ಹೋಗುತ್ತಾರೆ, ಬದುಕಿರುವವರು ಬರುತ್ತಾರೆ. ಅಂಗಡಿಗೆ ಹೋಗುವವನೂ ‘ಬರ್ತೀನಿ’ ಎಂದೇ ಹೊರಡುತ್ತಾನೆ. ಚನ್ನವೀರ ಬಾಯಿ ತೆರೆದದ್ದೇ ತಡ, ನೀಲಗಂಗವ್ವ ಕೈ ಅಡ್ಡ ಹಿಡಿದಳು: “ಬ್ಯಾಡ್ರೀ! ಪಾಳಿ ಹೋದ್ರ ಹೋಗ್ಲಿ. ಇಳೀರಿ ಎಲ್ಲಾರೂ.”

ಯಾರೂ ಇಳಿಯುವ ಮೊದಲು ಮುದುಕಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ನೀವ್ಯಾರೂ ಬಾಯಿ ಬಿಡಬ್ಯಾಡ್ರಿ. ನಾ ಹೇಳ್ತೀನಿ. ಎಲ್ಲಾರಿಗೂ ಸೇರಿಸಿ ಅಲ್ಲ, ನನಗೊಬ್ಬಾಕಿಗೆ. ತಟ್ಟಿದ್ರ ನನಗ ತಟ್ಟಲಿ. ತಟ್ಟೂ ವಯಸ್ಸ ಐತಿ.” ಆಮೇಲೆ ಆಮೆಯ ಕಡೆ ತಿರುಗಿ ಸ್ಪಷ್ಟವಾಗಿ ಅಂದಳು: “ಹೋಗ್ತೀನಿ.”

ಆಮೆ ಹೊರಟಿತು. ನೀಲಗಂಗವ್ವ ಹಿಂದಿನ ಸೀಟಿನಿಂದ ಅತ್ತೆಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು, ಆ ಮಾತು ಕೇಳಿ ಯಾರೋ ಬಂದು ಎಳೆದುಕೊಂಡು ಹೋಗುತ್ತಾರೇನೋ ಎಂಬಂತೆ.

ಪ್ರತಿ ಊರಿನಲ್ಲೂ ಹೀಗೇ ನಡೆಯಿತು. ವಿಜಯಪುರದಲ್ಲಿ ಗೋಲಗುಮ್ಮಟದ ನೆರಳಿನಲ್ಲಿ ಉಣಬಡಿಸಿದ ಹೆಂಗಸು ಬಾಗಿಲಲ್ಲಿ ನಿಂತು “ಹೋಗಿ ಬರ್ರೀ ಯವ್ವಾ” ಎಂದರೆ, ಮುದುಕಿ ಅವಳ ಮುಖ ನೋಡದೆ “ಹೋಗ್ತೀನಿ” ಎಂದಳು. ಆ ಹೆಂಗಸು ಗಾಬರಿಯಾಗಿ ಅರಿಷಿಣ-ಕುಂಕುಮ ತರಲು ಒಳಗೆ ಓಡಿದಳಂತೆ. ಕಲಬುರಗಿಯಲ್ಲಿಯೂ ಅಷ್ಟೇ. ಉಳಿದಂತೆ ದಾರಿ ನೀವು ಕಂಡ ದಾರಿಯೇ: ಕಲ್ಲಿನ ಮೇಲೆ ಅಳಿಸಿಹೋದ ಅಂಕಿಗಳು, ಬಂಕ್‌ಗಳ ಚಾವಣಿಯಲ್ಲಿ ಗುಬ್ಬಿಗೂಡು, ತೊಗರಿ ಹೊಲದ ನಡುವೆ ಒಂಟಿಯಾಗಿ ನಿಂತ ಢಾಬಾದ ಬೋರ್ಡು. ಹೆಸರಿಲ್ಲದ ಒಂದು ಜಾಗದಲ್ಲಿ ಕುರಿ ಕಾಯುವವನೊಬ್ಬ ಚಹಾ ಮಾಡಿ ಕೊಟ್ಟ. “ನಿಮ್ಮಪ್ಪ ಇಲ್ಲೇ ಅದಾನ ನೋಡು,” ಎಂದ ಚನ್ನವೀರ. ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಆಡದ ‘ಬರ್ತೀನಿ’ ಒಂದೊಂದಾಗಿ ಬಂಡಿಯೊಳಗೆ ತುಂಬಿಕೊಂಡು, ಕಾಲು ಚಾಚಲೂ ಜಾಗವಿರಲಿಲ್ಲ ಎಂದಳು ದೊಡ್ಡವ್ವ.

ಹೈದರಾಬಾದಿನ ಆಚೆಯ ಚೀರುದೋಟದಲ್ಲಿ ಹಾವಿನಂತೆ ಸುತ್ತಿದ ಹಳಿಯ ಮೇಲೆ ಗಾಡಿಗಳು ಇನ್ನೂ ಓಡುತ್ತವೆ. ಅತ್ತೆ-ಸೊಸೆ ಮುಂದಿನ ಗಾಡಿಯಲ್ಲಿ ಕುಳಿತರು. ಚನ್ನವೀರ ಚಪ್ಪಲಿ ಕಾಯುತ್ತೇನೆಂದು ಕೆಳಗೇ ಉಳಿದ. ಗಾಡಿ ಕಟಕಟ ಎಂದು ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಿತು. ಆಮೆ ದೂರದ ಗೇಟಿನಲ್ಲಿತ್ತು, ಅದರ ಕಿವಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಗಾಡಿ ಕೆಳಗೆ ಬಿದ್ದಾಗ ಗುರುಸಿದ್ದವ್ವ ಎರಡೂ ಕೈ ಮೇಲೆತ್ತಿ ಚೀರಿದಳು:

“ಬರ್ತೀನೀ! ವಿಜಾಪುರದಾಗ ಉಣ್ಣಾಕ ಹಾಕಿದವ್ವಾ, ಬರ್ತೀನೀ! ಕಲಬುರ್ಗಿ ತಂಗೀ, ಬರ್ತೀನೀ! ಹುಣಸಿಕೊಪ್ಪದ ಮಂದೀ, ಬರ್ತೀನ್ರೋ!”

ಸುತ್ತಲಿನವರು ಅಮ್ಮ, ಅಪ್ಪ, ದೇವರು ಎಂದು ಚೀರುತ್ತಿದ್ದರೆ ಈಕೆ ಊರೂರಿಗೂ ಉಳಿಸಿಕೊಂಡಿದ್ದ ವಿದಾಯ ಹೇಳುತ್ತಿದ್ದಳು. ನೀಲಗಂಗವ್ವನೂ ಸೇರಿಕೊಂಡು ಚೀರಿದಳು. ಗಾಡಿ ನಿಂತ ಮೇಲೆ ನೋಡಿದರೆ ಅವಳ ಮುಷ್ಟಿಯಲ್ಲಿ ಸೆರಗಿರಲಿಲ್ಲ; ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. “ಇನ್ನೊಂದ್ಸಲ ಹತ್ತೂಣು,” ಎಂದಳು ಮುದುಕಿ, “ಬಳ್ಳಾರಿ, ಬೆಂಗಳೂರದ್ದು ಮುಂಗಡಾನ ಹೇಳಿಬಿಡ್ತೀನಿ.”

ಪ್ರವಾಸ ಮುಗಿಸಿ ಬಂದ ಮೇಲೂ ಗುರುಸಿದ್ದವ್ವ ಸೊಸೆಯ ಅಡುಗೆಗೆ ಹೆಸರಿಡುತ್ತ ಬಹಳ ವರ್ಷ ಬದುಕಿದಳು.

ಹಿರಿಯರೇ, ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಯಾವ ಆಟ ಹತ್ತಬೇಕು ಎಂದು ನೀವು ಈಗ ಹಾಕುತ್ತಿರುವ ಯೋಜನೆಯಲ್ಲಿ ಬಾಗಿಲಲ್ಲಿ ನಿಲ್ಲುವವರಿಗೂ ಸ್ವಲ್ಪ ಹೊತ್ತು ಇಡಿ. ನಿಮ್ಮ ಕಾರು ಇನ್ನೂ ಪ್ರಶ್ನೆ ಕೇಳುವುದಿಲ್ಲ. ಗಾಜು ಇಳಿಸಿ, ‘ಬರ್ತೀವಿ’ ಎಂದು ಜೋರಾಗಿ ಹೇಳಿ ಹೊರಡಿ.

ದೊಡ್ಡವ್ವ ಅಂದು ಈ ಕಥೆ ಹೇಳಿದ್ದು ನುಂಗುದಾರಿ ಕೆಟ್ಟು ನಮ್ಮೂರಲ್ಲಿ ಸಿಕ್ಕಿಕೊಂಡಿದ್ದ ಪ್ರಯಾಣಿಕರಿಗೆ. ಮರುದಿನ ಬೆಳಿಗ್ಗೆ ಅದು ಸರಿಯಾಯಿತು. ಕೆಲವರು ಒಳಗೆ ಹೋದರು. ಧಾರವಾಡದ ಒಂದು ಗುಂಪು ಮಾತ್ರ ಕೊಳವೆಯ ಬಾಯಿಯವರೆಗೆ ಬಂದು, ಒಳಗಿನ ಕತ್ತಲೆ ಇಣುಕಿ ನೋಡಿ, ಮೆಟ್ಟಿಲು ಹತ್ತಿ ಮೇಲೆ ಬಂತು. ದೊಡ್ಡವ್ವನ ಹತ್ತಿರ ಬುತ್ತಿ ಕಟ್ಟಿಸಿಕೊಂಡು, ಆಡುಗಳನ್ನು ಬದಿಗೆ ಸರಿಸುತ್ತ, ಹಳೆಯ ಹೆದ್ದಾರಿಯ ಮೇಲೆ ಉತ್ತರಕ್ಕೆ ನಡೆದುಕೊಂಡು ಹೋಯಿತು.