ಮಂತ್ರಿಗಳು ಕಚ್ಚಿದ ರಿಬ್ಬನ್ನಿಗೆ ಒಂದು ಪುಟ ಇರಲಿ

ಅಂತರ್ಜಾಲ ವಿಶ್ವಕೋಶದ ಮಾನ್ಯ ಪ್ರಧಾನ ಸಂಪಾದಕರೇ,

ಆರೋಗ್ಯ ಮಂತ್ರಿಗಳೊಬ್ಬರು ಹೆರಿಗೆ ವಾರ್ಡಿನ ಉದ್ಘಾಟನೆಯಲ್ಲಿ ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಹರಿದ ಘಟನೆಯ ಬಗ್ಗೆ ನಿಮ್ಮ ವಿಶ್ವಕೋಶದಲ್ಲಿ ಒಂದು ಪುಟವಿದೆ. ಅದನ್ನು ಅಳಿಸಿಹಾಕಬೇಕೆಂದು ನಿಮ್ಮ ಸ್ವಯಂಸೇವಕ ಸಂಪಾದಕರು ಈಗ ಗಂಭೀರವಾಗಿ ಚರ್ಚೆ ನಡೆಸಿದ್ದಾರೆ. "ಕ್ಷುಲ್ಲಕ ರಾಜಕೀಯ ಪ್ರಸಂಗ, ಗಮನಾರ್ಹತೆ ಇಲ್ಲ" ಎಂಬುದು ಅವರ ವಾದ. ಕೊನೆಯ ತೀರ್ಮಾನ ನಿಮ್ಮದಂತೆ. ಅದು ಹೊರಬೀಳುವ ಮೊದಲು ನನ್ನದೂ ನಾಲ್ಕು ಮಾತು ಕೇಳಿ. ಪ್ರಸಂಗ ಕ್ಷುಲ್ಲಕ ಎಂಬುದನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಅದು ಎಷ್ಟು ಕ್ಷುಲ್ಲಕ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು, ಏಕೆಂದರೆ ಆ ದಿನ ಕತ್ತರಿಯ ತಟ್ಟೆ ಹಿಡಿದು ಮಂತ್ರಿಗಳ ಪಕ್ಕದಲ್ಲಿ ನಿಂತಿದ್ದವನು ನಾನು.

ನಾನು ಪುರಸಭೆಯ ಸಮಾರಂಭ ವಿಭಾಗದವನು. ವಿಭಾಗ ಎಂದರೆ ಗಾಬರಿಯಾಗಬೇಡಿ: ನಾನು, ಒಂದು ಬೀರು, ಬೀರುವಿನಲ್ಲಿ ಸುತ್ತಿಟ್ಟ ಕೆಂಪು ಹಾಸು, ಇಷ್ಟೇ. ನಮ್ಮ ವೃತ್ತಿಯ ಒಂದು ಗುಟ್ಟು ಹೇಳುತ್ತೇನೆ. ಸಮಾರಂಭದ ಕತ್ತರಿ ಎಂಬುದು ಬಂಗಾರದ ಬಣ್ಣ ಬಳಿದ ಅಲಂಕಾರ, ಅದು ಬೆಣ್ಣೆಯನ್ನೂ ಕತ್ತರಿಸುವುದಿಲ್ಲ. ಹಾಗಾಗಿ ಗಣ್ಯರು ಬರುವ ಮೊದಲೇ ನಾನು ರಿಬ್ಬನ್ನಿನ ಹಿಂಬದಿಯಿಂದ ಬ್ಲೇಡಿನಲ್ಲಿ ಕೊಯ್ದು, ನೂಲೆಳೆಯಷ್ಟು ಉಳಿಸಿರುತ್ತೇನೆ. ಗಣ್ಯರು ಕತ್ತರಿಯನ್ನು ಅದರ ಮೇಲೆ ಸುಮ್ಮನೆ ಇಟ್ಟರೆ ಸಾಕು. ಎಷ್ಟೋ ಸೇತುವೆಗಳನ್ನೂ ಬಸ್ ನಿಲ್ದಾಣಗಳನ್ನೂ ತಾವೇ ಉದ್ಘಾಟಿಸಿದೆವೆಂದು ನಂಬಿಕೊಂಡು ಎಷ್ಟೋ ದೊಡ್ಡವರು ಮನೆಗೆ ಹೋಗಿದ್ದಾರೆ. ನಾನು ಯಾರ ಸಂತೋಷವನ್ನೂ ಹಾಳುಮಾಡಲಿಲ್ಲ.

ಆ ದಿನ ಮಂತ್ರಿಗಳ ಕಾರು ಗೇಟಿನೊಳಗೆ ತಿರುಗುವಾಗ ಶಿಷ್ಟಾಚಾರದ ಅಧಿಕಾರಿಯೊಬ್ಬರಿಗೆ ನಮ್ಮ ರಿಬ್ಬನ್ ಬಡಕಲಾಗಿ ಕಂಡಿತು. ತಾವೇ ತಂದಿದ್ದ ಅಗಲವಾದ ನೈಲಾನ್ ರಿಬ್ಬನ್ ಕಟ್ಟಿಸಿಬಿಟ್ಟರು. ನಾನು ಬ್ಲೇಡು ತೆಗೆದೆ.

"ಏನ್ರೀ ಅದು! ಮಂತ್ರಿಗಳು ಬರೋ ಹೊತ್ತಲ್ಲಿ ಕೈಯಲ್ಲಿ ಬ್ಲೇಡು ಹಿಡ್ಕೊಂಡಿದ್ದೀರಲ್ಲ, ತಲೆ ಕೆಟ್ಟಿದ್ಯಾ? ಜೇಬಲ್ಲಿಡಿ ಮೊದ್ಲು!"

"ಸಾರ್, ಇದನ್ನ ಸ್ವಲ್ಪ ಕೊಯ್ದಿಡದೆ ಇದ್ರೆ..."

"ಜೇಬಲ್ಲಿ!"

ಇಟ್ಟೆ. ಮುಂದಿನದು ಇಡೀ ದೇಶಕ್ಕೆ ಗೊತ್ತು. ಕತ್ತರಿಯ ಬಾಯಲ್ಲಿ ರಿಬ್ಬನ್ ಮಡಚಿಕೊಂಡಿತು. ಮಂತ್ರಿಗಳು ಕ್ಯಾಮೆರಾ ಕಡೆ ನಕ್ಕು ಮತ್ತೆ ಒತ್ತಿದರು, ಮತ್ತೆ ಮಡಚಿಕೊಂಡಿತು. ತಡ ಮಾಡುವುದು ಅವರ ಜಾಯಮಾನವಲ್ಲ, ಬಗ್ಗಿ ಕಚ್ಚಿಯೇ ಬಿಟ್ಟರು. ವಿರೋಧ ಪಕ್ಷದವರು ಸದನದಲ್ಲಿ ಅವರಿಗೆ ಒಂದು ಕತ್ತರಿ ಉಡುಗೊರೆ ಕೊಟ್ಟರು. ಅವರ ಪಕ್ಷದ ವಕ್ತಾರರು "ನಮ್ಮ ನಾಯಕರು ಜನಸೇವೆಗೆ ಹಲ್ಲು ಕಚ್ಚಿ ನಿಲ್ಲುವವರು" ಎಂದರು. ಇವೆಲ್ಲವೂ ನಿಮ್ಮ ಪುಟದಲ್ಲಿ ಅಡಿಟಿಪ್ಪಣಿ ಸಮೇತ ಇವೆ. ಹಿನ್ನೆಲೆ, ಘಟನೆ, ಪ್ರತಿಕ್ರಿಯೆ, ದಂತವೈದ್ಯರ ಅಭಿಪ್ರಾಯ, ಎಲ್ಲಕ್ಕೂ ಬೇರೆ ಬೇರೆ ಉಪಶೀರ್ಷಿಕೆ. ನಮ್ಮ ಊರಿನ ಬಗ್ಗೆ ಇರುವ ಪುಟದಲ್ಲಿ ಎರಡು ಸಾಲುಗಳಿವೆ, ಅದರಲ್ಲಿ ಒಂದು ತಪ್ಪು.

ನನ್ನ ಅಂತಸ್ತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಆ ಪುಟದ ಫೋಟೋದಲ್ಲಿ ನನ್ನ ಮೊಣಕೈ ಬಂದಿದೆ. ಕೆಳಗಿನ ಬರಹ ಹೀಗಿದೆ: "ರಿಬ್ಬನ್ ಕಚ್ಚುತ್ತಿರುವ ಮಂತ್ರಿ. ಎಡಕ್ಕೆ: ತಟ್ಟೆ." ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು "ತಟ್ಟೆ ಮತ್ತು ನೌಕರ" ಎಂದು ತಿದ್ದಲು ನಾನು ನಿಮ್ಮಲ್ಲಿ ಖಾತೆ ತೆರೆದೆ. ತಿದ್ದಿ, ಟೀ ಕುಡಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಮತ್ತೆ ಬರೀ ತಟ್ಟೆ ಮಾಡಿಟ್ಟಿದ್ದರು. ಕಾರಣ: "ನೌಕರನಿಗೆ ಗಮನಾರ್ಹತೆ ಇಲ್ಲ". ತಟ್ಟೆಗೆ ಇದೆಯಂತೆ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಅಲ್ಲಾ ರೀ, ಬೇರೆಯವ್ರೆಲ್ಲ ಏನಾದ್ರೂ ಸಾಧನೆ ಮಾಡಿ ವಿಶ್ವಕೋಶಕ್ಕೆ ಹೋಗ್ತಾರೆ. ನೀವು ಹೋಗಿದ್ದು ಮೊಣಕೈ ಮಾತ್ರ. ಉಳಿದಿದ್ದು ಮನೇಲೇ ಇದೆ, ಯಾರಿಗೂ ಬೇಡ" ಎಂದಳು. ಅಳಿಸುವ ಚರ್ಚೆ ಶುರುವಾದ ದಿನ ಎಲ್ಲರಿಗಿಂತ ಮೊದಲು "ಉಳಿಸಿ" ಎಂದು ಬರೆದವನೂ ನಾನೇ. ಪ್ರಜಾಪ್ರಭುತ್ವ, ಇತಿಹಾಸ, ಮುಂದಿನ ಪೀಳಿಗೆ ಎಂದೆಲ್ಲ ಉದ್ದುದ್ದ ಬರೆದೆ. ನಿಜವಾಗಿ ನಾನು ಕಾಪಾಡುತ್ತಿದ್ದದ್ದು ನನ್ನ ಮೊಣಕೈಯನ್ನು. "ಹಿತಾಸಕ್ತಿ ಸಂಘರ್ಷ" ಎಂದು ನನ್ನ ಮತವನ್ನು ತಳ್ಳಿಹಾಕಿದರು. ಸರಿಯಾಗಿಯೇ ಮಾಡಿದರು.

ಆದರೆ ಮಾನ್ಯರೇ, ಆ ಪುಟವನ್ನು ನೀವು ಕೊನೆಯವರೆಗೂ ಓದಿದ್ದೀರಾ? ನಗುವ ಭಾಗವೆಲ್ಲ ಮುಗಿದ ಮೇಲೆ ಒಂದು ಒಣ ವಾಕ್ಯವಿದೆ: "ಅಂದು ಉದ್ಘಾಟನೆಯಾದ ಹೆರಿಗೆ ವಾರ್ಡಿನ ಬಾಗಿಲು ಇನ್ನೂ ತೆರೆದಿಲ್ಲ." ಅದನ್ನು ಸೇರಿಸಿದವನು ನಾನು. ತಕ್ಷಣ ಪಕ್ಕದಲ್ಲಿ "ಉಲ್ಲೇಖ ಬೇಕು" ಎಂದು ಬಂತು. ಬೀಗ ಹಾಕಿದ ಬಾಗಿಲಿಗೆ ಉಲ್ಲೇಖ ಎಲ್ಲಿಂದ ತರಲಿ? ಏನೂ ಆಗದಿರುವುದನ್ನು ಯಾವ ಪತ್ರಿಕೆ ವರದಿ ಮಾಡುತ್ತದೆ? ವಾರ್ಡಿನ ಬಗ್ಗೆಯೇ ಬೇರೆ ಪುಟ ಬರೆದು ನೋಡಿದೆ. ಕೆಲಸ ಮಾಡದ ಕಟ್ಟಡಕ್ಕೆ ಗಮನಾರ್ಹತೆ ಇಲ್ಲವೆಂದು ಕಿತ್ತುಹಾಕಿದರು. ಕೊನೆಗೆ ನನ್ನನ್ನು ಕಾಪಾಡಿದ್ದು ಆ ಕಚ್ಚುವಿಕೆಯೇ. "ರಿಬ್ಬನ್ ಕಚ್ಚಿ ಒಂದು ವರ್ಷ" ಎಂದು ತಮಾಷೆಯ ಲೇಖನ ಬರೆಯಲು ಪತ್ರಕರ್ತೆಯೊಬ್ಬರು ಬಂದರು, ಬಾಗಿಲ ಮುಂದೆ ನಿಂತು ಫೋಟೋ ತೆಗೆದರು, ಬೀಗ ನೋಡಿದರು, ಲೇಖನದ ತುದಿಯಲ್ಲಿ ಅದನ್ನೂ ಬರೆದರು. ವಾರ್ಡು ಮುಚ್ಚಿದೆ ಎಂಬುದಕ್ಕೆ ಅಚ್ಚಾದ ಸಾಕ್ಷಿ ಇಡೀ ಪ್ರಪಂಚದಲ್ಲಿ ಅದೊಂದೇ. ಇಲಾಖೆಯ ಕಂಪ್ಯೂಟರಿನಲ್ಲಿ ವಾರ್ಡು ಕಾರ್ಯನಿರ್ವಹಿಸುತ್ತಿದೆ. ಉದ್ಘಾಟನೆಯಾದ ಮೇಲೆ ತೆರೆದಂತೆಯೇ ಲೆಕ್ಕ.

ಈಗ ನನ್ನ ಮನೆಯ ಸಂಗತಿ, ಆ ವಾಕ್ಯ ಸೇರಿಸುವುದಕ್ಕೂ ಮೊದಲಿನದು. ಉದ್ಘಾಟನೆಯಾದ ಕೆಲವು ತಿಂಗಳಿಗೆ ಮಗಳಿಗೆ ನೋವು ಶುರುವಾಯಿತು. ಆಸ್ಪತ್ರೆ ನಮ್ಮ ಬೀದಿಯ ತುದಿಯಲ್ಲೇ ಇದೆ, ನಡೆದೇ ಹೋದೆವು. ವಾರ್ಡಿಗೆ ಬೀಗ. "ಅದಿನ್ನೂ ಶುರುವಾಗಿಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಬೇಗ" ಎಂದರು ನರ್ಸು. ಮಗಳು ಜಾಲರಿ ಬಾಗಿಲು ಹಿಡಿದು ಬಗ್ಗಿ ನಿಂತಿದ್ದಳು.

"ಅಪ್ಪಾ," ಎಂದಳು, "ಇದನ್ನ ನೀನೇ ಅಲ್ವಾ ಓಪನ್ ಮಾಡ್ಸಿದ್ದು?"

ಅಳಿಯ ಯಾರದೋ ವ್ಯಾನು ತಂದ. ಹೆದ್ದಾರಿಯ ಟೋಲ್‌ಗೇಟಿನ ಸಾಲಿನಲ್ಲಿ, ಮುಂದೆ ಲಾರಿ, ಹಿಂದೆ ಲಾರಿ, ಮೊಮ್ಮಗ ಹುಟ್ಟಿದ. ಮನೆಯಲ್ಲಿ ಅವನನ್ನು ಟೋಲಪ್ಪ ಎಂದೇ ಕರೆಯುತ್ತೇವೆ. ಈಗ ಓಡಾಡಿಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾನೆ. ಮಗಳಿಗೆ ಮಾತ್ರ ರಕ್ತ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಹೊರಗೆ ಬಂದು, "ಇನ್ನೊಂದು ಸ್ವಲ್ಪ ತಡ ಆಗಿದ್ರೆ ಉಳಿಸ್ಕೊಳ್ಳೋದು ಕಷ್ಟ ಇತ್ತು. ಮುಂದಿನ ಸಲ ಇಷ್ಟು ದೂರ ಬರೋ ಸಾಹಸ ಮಾಡ್ಬೇಡಿ" ಎಂದರು. ಮಗಳು ಈಗ ಮತ್ತೆ ಬಸುರಿ. ನನಗೆ ಭಯವಾಗುತ್ತಿದೆ ಮಾನ್ಯರೇ. ಊಟ ಮಾಡುತ್ತಿದ್ದಾಗ ಅವಳು ಸುಮ್ಮನೆ ಸೊಂಟದ ಮೇಲೆ ಕೈ ಇಟ್ಟುಕೊಂಡರೂ ನಾನು ಎದ್ದು ನಿಲ್ಲುತ್ತೇನೆ.

ಹೋದ ತಿಂಗಳು ಜಿಲ್ಲೆಗೆ ಹೊಸ ಆರೋಗ್ಯಾಧಿಕಾರಿ ಬಂದಿದ್ದಾರೆ. ಊರಿನ ಬಗ್ಗೆ ತಿಳಿಯಲು ಹೋಗಿ ನಿಮ್ಮ ಪುಟ ಅವರ ಕಣ್ಣಿಗೆ ಬಿತ್ತಂತೆ. ನಗುತ್ತಾ ಓದಲು ಶುರುಮಾಡಿ ಕೊನೆಯ ಸಾಲಿಗೆ ಬಂದು ನಿಂತಿದ್ದಾರೆ. ಪುರಸಭೆಗೆ ಫೋನ್ ಮಾಡಿ, "ಇದು ನಿಜಾನಾ? ನನ್ನ ಫೈಲಲ್ಲಿ ವಾರ್ಡು ನಡೀತಾ ಇದೆ ಅಂತಿದೆಯಲ್ಲ?" ಎಂದು ಕೇಳಿದರು. ಫೋನ್ ಎತ್ತಿದವನು ನಾನು. ಅವರು ಆ ಪುಟದ ಕೊಂಡಿಯನ್ನೇ ಲಗತ್ತಿಸಿ, ನರ್ಸುಗಳನ್ನೂ ಡಾಕ್ಟರನ್ನೂ ಕೊಡಿ ಎಂದು ಮೇಲಕ್ಕೆ ಬರೆದಿದ್ದಾರೆ. ಆ ಪತ್ರ ಈಗ ಯಾರದೋ ಮೇಜಿನ ಮೇಲಿದೆ. ಆ ಮೇಜಿನವರು ಕೊಂಡಿ ಒತ್ತುವ ದಿನ "ಈ ಪುಟ ಅಸ್ತಿತ್ವದಲ್ಲಿಲ್ಲ" ಎಂದು ಬಂದರೆ ಅವರು ಯಾವುದನ್ನು ನಂಬುತ್ತಾರೆ, ಹೇಳಿ.

ದೊಡ್ಡ ವಿಷಯಗಳು ತಮ್ಮ ಕಾಲ ಮೇಲೆ ತಾವೇ ನಡೆದು ನಿಮ್ಮ ಪುಟಗಳಿಗೆ ಬರುತ್ತವೆ ಎಂದು ನಿಮ್ಮ ನಿಯಮಗಳು ನಂಬಿದಂತಿದೆ. ನಮ್ಮಂಥ ಊರಿನ ವಿಷಯಕ್ಕೆ ಕಾಲಿಲ್ಲ. ಅದು ಯಾರದಾದರೂ ನಗೆಪಾಟಲಿನ ಹೆಗಲೇರಿಯೇ ಬರಬೇಕು. ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಆ ವಾರ್ಡಿನಲ್ಲಿ ಒಂದು ಮಗು ಹುಟ್ಟುವವರೆಗೆ ಆ ಪುಟವನ್ನು ಮುಟ್ಟಬೇಡಿ. ಹುಟ್ಟಿದ ದಿನ ನಾನೇ ಬಂದು "ಅಳಿಸಿ" ಎಂದು ಬರೆಯುತ್ತೇನೆ, ಆ ಮತವನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಗಮನಾರ್ಹತೆಯ ಬಗ್ಗೆ ನಿಮ್ಮ ಸಂಪಾದಕರು ಎಷ್ಟು ಬೇಕಾದರೂ ಚರ್ಚಿಸಲಿ, ಅವರಿಗೆ ಅವಸರವಿಲ್ಲ. ನನ್ನ ಮಗಳಿಗೆ ಎಂಟನೇ ತಿಂಗಳು ನಡೆಯುತ್ತಿದೆ.

ಇಂತಿ,
ಉದ್ಘಾಟನೆ ಮಾಡಿಸಬಲ್ಲ, ಬಾಗಿಲು ತೆರೆಸಲಾರದ
ಸಮಾರಂಭ ವಿಭಾಗದ ಏಕೈಕ ಸಿಬ್ಬಂದಿ