ಗೊಬ್ಬರ ಹಾಕದ ಎರಡು ಸಾಲು

ಮಾರ್ಚ್ ೧೪, ಮಧ್ಯಾಹ್ನ

ಅಕ್ಕಾ,

ನಿನ್ನ ಮೂರು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಬೈದುಕೋ. ಎದುರಿಗೆ ಮಾತು ಬಾರದವಳು ಕಾಗದದಲ್ಲಾದರೂ ಬಾಯಿ ಬಿಡಬಾರದೇ ಎಂದು ನೀನು ಕೇಳಿದ್ದು ಸರಿಯೇ. ಮಗುವಿಗೆ ಹಲ್ಲು ಬಂದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಾ ಕೂತಿದ್ದಳು. ಎಷ್ಟು ಹಲ್ಲು ಅಂತ ಮಾತ್ರ ಕೇಳಿದಳು.

ನನಗೆ ಕೆಲಸ ಸಿಕ್ಕಿದೆ. ಮೂರು ವರ್ಷದ ಹಿಂದೆ ಬೆಟ್ಟ ಉಗುಳಿದ ಬೂದಿಯಲ್ಲಿ ಮುಚ್ಚಿಹೋದ ನಮ್ಮ ಬೀದಿಯ ಮೇಲೆ ಈಗ ಮೆಕ್ಕೆಜೋಳದ ಪ್ರಯೋಗ ನಡೆಯುತ್ತಿದೆ. ನಡೆಸುವವರನ್ನು ಎಲ್ಲರೂ ಮಣ್ಣಿನ ಮೇಷ್ಟ್ರು ಅನ್ನುತ್ತಾರೆ. ಈ ಮಣ್ಣು ಮಹಾ ಜಿಪುಣ, ಗಿಡಕ್ಕೆ ಬೇಕಾದ ರಂಜಕವನ್ನು ಹಿಡಿದುಕೊಂಡರೆ ಬೇರಿಗೆ ಬಿಟ್ಟುಕೊಡುವುದಿಲ್ಲವಂತೆ. ಕೋಳಿಗೊಬ್ಬರ, ಕೊಳೆಸಿದ ಸೊಪ್ಪು ಹಾಕಿದರೆ ಮೆತ್ತಗಾಗುತ್ತದಂತೆ. ಹೋಲಿಸಿ ನೋಡಲು ಎರಡು ಸಾಲಿಗೆ ಏನೂ ಹಾಕುವುದಿಲ್ಲ. ನಾನು ವಾರಕ್ಕೊಮ್ಮೆ ಗಿಡಗಳ ಎತ್ತರ ಅಳೆದು ಬರೆಯಬೇಕು. "ಸಾಹಿತ್ಯ ಓದಿದೋಳು ನೀನು, ಉತ್ಪ್ರೇಕ್ಷೆ ಮಾತ್ರ ಬೇಡಮ್ಮ" ಎಂದು ಮೊದಲ ದಿನವೇ ಮೇಷ್ಟ್ರು ಕಾಲೆಳೆದರು.

ಆ ಎರಡು ಸಾಲು ಎಲ್ಲಿವೆ ಗೊತ್ತಾ? ನಮ್ಮ ಮನೆ ಮುಂದಿನ ಕರೆಂಟ್ ಕಂಬದ ಮೇಲರ್ಧ ಮಾತ್ರ ಹೊರಗಿದೆ. ಅಲ್ಲಿಂದ ಹನ್ನೆರಡು ಹೆಜ್ಜೆ ಹಿಂದೆ, ಹಿಂದಿನ ಕೋಣೆಯ ಮೇಲೆ. ಗಿಡ ಮೊಣಕಾಲೆತ್ತರಕ್ಕೇ ನಿಂತು, ಎಲೆ ನೇರಳೆಗೆ ತಿರುಗಿತ್ತು, ಉಸಿರು ಸಿಗದವರ ತುಟಿಯ ಹಾಗೆ. ನನಗೆ ನೋಡಲಾಗಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಬುಟ್ಟಿಯಲ್ಲಿ ಗೊಬ್ಬರ ತಂದು ಬುಡಕ್ಕೆ ಒತ್ತಿ, ಮೇಲೆ ಬೂದಿ ಎಳೆದೆ. ಒಂದು ದಿನವಲ್ಲ, ಐದು ವಾರ. ಒತ್ತಿದ ಕೈಯನ್ನು ಸ್ವಲ್ಪ ಹೊತ್ತು ಒಳಗೇ ಇಡುತ್ತೇನೆ. ಬೆಚ್ಚಗಿರುತ್ತದೆ.

ಈಗ ಆ ಸಾಲು ನನ್ನ ತಲೆ ಮೀರಿದೆ. ಕಾವಲಿನ ಮುದುಕ, "ಸ್ವಾಮಿ, ಇದನ್ನ ಕೆಳಗಿಂದ ಯಾರೋ ಸಾಕ್ತಾ ಇದಾರೆ" ಅಂದ. ಮೇಷ್ಟ್ರು ನಗಲಿಲ್ಲ. ಕೆಳಗೇನಿದೆ ನೋಡಲೇಬೇಕೆಂದು ನಾಳೆ ಬೆಳಿಗ್ಗೆ ಅಲ್ಲೇ ಎರಡಾಳುದ್ದದ ಗುಂಡಿ ತೋಡಿಸುತ್ತಾರೆ. ಗೊಬ್ಬರ ಹಾಕಿದ್ದು ನಾನು ಎಂದರೆ ಸಾಕು, ನಿಲ್ಲಿಸುತ್ತಾರೆ. ಇನ್ನೂ ಅಂದಿಲ್ಲ. ಗುಂಡಿ ತೋಡಿದ ಮೇಲೆ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ.

ಅಮ್ಮ ಈಗಲೂ ಹೆದ್ದಾರಿಯಲ್ಲಿ ಲಾರಿಯವರಿಗೆ ಅಪ್ಪನ ಫೋಟೊ ತೋರಿಸುತ್ತಾಳೆ. "ಅಪ್ಪನ್ನ ದಾರೀಲಿ ಇಳಿಸಿ ತಾನು ಉಳ್ಕೊಂಡ್ಲು ನನ್ನ ದೊಡ್ಡ ಮಗಳು" ಅನ್ನುವುದನ್ನು ಬಿಟ್ಟಿಲ್ಲ. ಅಪ್ಪ ನಿನ್ನ ಗಾಡಿ ಹತ್ತಲೇ ಇಲ್ಲ ಎಂದು ನೀನು ಆಣೆ ಮಾಡಿದರೂ ನಂಬಲಿಲ್ಲ.

ಇದನ್ನು ಸಂಜೆಯ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ, ರಾತ್ರಿಯೇ ನಿನಗೆ ಸಿಗುತ್ತದೆ. ಮಗುವಿಗೆ ಮುತ್ತು, ಭಾವನಿಗೆ ನಮಸ್ಕಾರ. ಮನಸ್ಸಾದರೆ ನನ್ನನ್ನು ಹರಸು.

ನಿನ್ನ ತಂಗಿ

ತಾ.ಕ.: ಬೂದಿ ಸುರಿದ ಅವತ್ತು ಅಮ್ಮ ಓಡಿಬಂದು "ಅಪ್ಪ ಎಲ್ಲೇ?" ಅಂದಾಗ ನಾನು ಓದುತ್ತಿದ್ದೆ. ನಿನ್ನ ಗಾಡಿ ಹೋದ ಸದ್ದು ಕೇಳಿತ್ತು. ತಲೆ ಎತ್ತದೆ "ಅಕ್ಕನ ಜೊತೆ ಹೋದ್ರು" ಅಂದೆ. ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಶಿಬಿರದಲ್ಲಿ, ಕಣ್ಣಾರೆ ನೋಡಿದ್ಯಾ ಎಂದು ಮತ್ತೆ ಕೇಳಿದಳು. ಹೂಂ ಅಂದೆ. ಅಪ್ಪ ರಾತ್ರಿಪಾಳಿ ಮುಗಿಸಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು, ಅಕ್ಕಾ. ನಾಳೆ ಅಮ್ಮನನ್ನು ಅಲ್ಲಿಗೆ ಕರೆದೊಯ್ದು, ಗುದ್ದಲಿ ಬೀಳುವ ಮೊದಲು ಅವಳಿಗೆ ಇದನ್ನು ಹೇಳುತ್ತೇನೆ. ಅವಳು ಫೋನ್ ಮಾಡಿದರೆ ಎತ್ತು. ನನ್ನದಾದರೆ ಬೇಡ.