ತಳ ಕಾಲಿಗೆ ಹತ್ತುವ ನೀರು

ಆಲಮೇಲ
೧೮ ಜನವರಿ ೨೦೨೬, ರವಿವಾರ

ಪ್ರೀತಿಯ ಯಶೋಧವ್ವಾ,

ಹೇಗಿದ್ದೀ? ನಾನು ಹೊರಡುವ ದಿನ ನಿನಗೆ ಹಿಡಿದಿದ್ದ ಒಣಕೆಮ್ಮು ಹೋಯಿತೋ ಇಲ್ಲವೋ? ಕಡಲ ಗಾಳಿಯ ಉಪ್ಪಿಗೆ ಗಂಟಲು ಹೀಗಾಗುತ್ತದೆ ಎಂದು ನೀನು ಹೇಳಿದೆ. ನಿನ್ನ ಅವ್ವ ಅದನ್ನು ಒಪ್ಪಿಲ್ಲ. ಫ್ಯಾನು ಹಾಕಿಕೊಂಡು ಮಲಗುವುದರಿಂದಲೇ ಕೆಮ್ಮು ಎಂದು ತೀರ್ಪು ಕೊಟ್ಟಿದ್ದಾಳೆ, ಒಂದು ಡಬ್ಬಿ ಅಜಿವಾನ ಹುರಿದು ಇಟ್ಟಿದ್ದಾಳೆ. ನಾವಿಬ್ಬರೂ ಆರಾಮ ಇದ್ದೇವೆ. ಅವಳ ಮೊಣಕಾಲು ಚಳಿಗೆ ಸ್ವಲ್ಪ ಹಿಡಿಯುತ್ತದೆ, ಬಿಸಿಲೇರಿದ ಮೇಲೆ ಬಿಡುತ್ತದೆ. ಇಲ್ಲಿ ಜೋಳ ಹಾಲುಗಾಳಾಗಿದೆ. ನಿನ್ನೆ ಹೊಲದಲ್ಲಿ ಸೀತನಿ ಸುಟ್ಟೆವು, ನಿನ್ನ ನೆನಪಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು ಸಿಂದಗಿ ಬಸ್ಸು ಯಾವತ್ತೂ ಹೊತ್ತಿಗೆ ಬರುತ್ತಿಲ್ಲ.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನ ಎದುರು ಕುಳಿತು ಹೇಳಬೇಕಾದ ಒಂದು ಸಂಗತಿ ನನ್ನ ಬಾಯಿಂದ ಹೊರಡಲಿಲ್ಲ. ನೀನು ತರಬೇತಿ ಮುಗಿಸಿ ಬಂದ ಮೇಲೆ ನಾಲ್ಕು ದಿನ ನಿನ್ನ ಜೊತೆ ಉಂಡು, ಹರಟಿ, ಹೇಳದೆಯೇ ಬಸ್ಸು ಹತ್ತಿದೆ. ನನ್ನ ಎಡಗಾಲಿನ ಹೆಬ್ಬೆರಳಿಗೆ ನೀನು ಅರಿಸಿನ ಹಚ್ಚಿ ಬಟ್ಟೆ ಕಟ್ಟಿದೆಯಲ್ಲ, ಅದು ಹಿತ್ತಲಿನ ಮೆಟ್ಟಿಲು ತಾಗಿ ಆದ ಗಾಯವಲ್ಲ. ಈಟಿ ತಾಗಿದ್ದು. ನನ್ನ ಕಾಲಿಗೆ ನಾನೇ ಚುಚ್ಚಿಕೊಂಡದ್ದು. ಈಗ ಸಿಟ್ಟಾಗದೆ ಮುಂದೆ ಓದು.

ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಉಬ್ಬರ ಇಳಿತದ ಪಾಠ ಮಾಡಿದೆ. ಹಲಗೆಯ ಮೇಲೆ ಭೂಮಿ, ಆಚೆ ಚಂದ್ರ, ನಡುವೆ ಬಾಣದ ಗುರುತು. ಕೌಸರ ಎಂಬ ಹುಡುಗಿ ಒಮ್ಮೆ ಎದ್ದು ನಿಂತು, "ಸರ್, ಇಳಿದ ನೀರು ಎಲ್ಲಿ ಹೋಗತೈತ್ರಿ?" ಎಂದು ಕೇಳಿದ್ದಳು. ನಾನು ಪುಸ್ತಕ ನೋಡು ಎಂದೆ. ಸಮುದ್ರವನ್ನೇ ಕಾಣದ ಮಾಸ್ತರ ಮತ್ತೇನು ಹೇಳಬೇಕು? ಅದಕ್ಕೇ, ನೀನು ಮೂರು ದಿನದ ತರಬೇತಿಗೆ ಕಾರವಾರಕ್ಕೆ ಹೋದೆಯಲ್ಲ, ಆ ಮೊದಲ ದಿನ ಬೆಳಗ್ಗೆಯೇ ಚಹಾ ಕುಡಿದು, ಹೊಳೆ ಕಡಲಿಗೆ ಸೇರುವ ಅಳಿವೆಯ ಕಡೆ ನಡೆದೆ. "ಅಪ್ಪಾ, ಒಬ್ಬನ ನೀರಿನ ಕಡೆ ಹೋಗಬ್ಯಾಡ" ಎಂದು ನೀನು ಬಾಗಿಲಲ್ಲಿ ಹೇಳಿದ್ದು ಕಿವಿಯಲ್ಲಿತ್ತು. ದಂಡೆಯ ಮೇಲೆ ನಿಂತು ನೋಡಲು ಏನು ಅಡ್ಡಿ ಎಂದುಕೊಂಡೆ.

ಹಿಂದಿನ ಮಧ್ಯಾಹ್ನ ತುಂಬಿ ನಿಂತಿದ್ದ ನೀರು ಅಲ್ಲಿರಲಿಲ್ಲ. ಅರ್ಧ ಮೈಲಿಯಷ್ಟು ನೆಲ ಬಿಚ್ಚಿ ಬಿದ್ದಿತ್ತು, ಹದವಾಗಿ ನೀರು ಹಾಯಿಸಿದ ನಮ್ಮ ಎರೆಹೊಲದ ಹಾಗೆ. ಹೆಂಗಸರು ಕೂತು ಕೆಸರಿನಿಂದ ಬಳಚು ಎಂಬ ತಿನ್ನುವ ಚಿಪ್ಪು ಆರಿಸುತ್ತಿದ್ದರು. ಅವರಿಂದಾಚೆ ಮೊಣಕಾಲು ನೀರಿನಲ್ಲಿ ನಿನ್ನ ಪಕ್ಕದ ಮನೆಯ ಜನ್ನತಬಿ ಒಬ್ಬಳೇ ನಡೆಯುತ್ತಿದ್ದಳು. ಅದು ನಡಿಗೆಯೂ ಅಲ್ಲ, ಕಾಲು ಎತ್ತದೆ ನೆಲ ಒರೆಸುತ್ತಾ ಹೋಗುವ ಹಾಗೆ. ಕೈಯಲ್ಲಿ ಮೂರು ಮೊನೆಯ ಈಟಿ, ಸೊಂಟಕ್ಕೆ ಚೀಲ. ಒಮ್ಮೆಲೇ ನಿಂತಳು, ಈಟಿಯನ್ನು ತನ್ನ ಕಾಲ್ಬೆರಳ ಮುಂದೆಯೇ ಒತ್ತಿದಳು, ಬಗ್ಗಿ ಕೈ ಹಾಕಿ ಏನನ್ನೋ ನೆಲಕ್ಕೆ ಅದುಮಿ ಹಿಡಿದು, ಆಮೇಲೆ ಎತ್ತಿದಳು. ರೊಟ್ಟಿಯಂಥ ಮೀನು. ಮೇಲ್ಮೈ ಕೆಸರಿನ ಬಣ್ಣ, ಅಡಿ ಬೆಳ್ಳಗೆ.

ನಾನು ಕೂಗಿ ಕರೆದೆ. ಅವಳು ದಂಡೆಗೆ ಬಂದು ಮೀನನ್ನು ನನ್ನ ಅಂಗೈ ಮೇಲಿಟ್ಟಳು. ನಂಗು ಅಂತೆ ಅದರ ಹೆಸರು. ನಮ್ಮ ಭೀಮೆಯ ಮೀನುಗಳನ್ನು ಚಿಕ್ಕಂದಿನಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ, ಹಿಡಿದೂ ಇದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ. ಎರಡೂ ಕಣ್ಣು ಒಂದೇ ಮಗ್ಗುಲಿಗೆ! ಇನ್ನೊಂದು ಮಗ್ಗುಲು ತಿರುವಿದರೆ ಕಣ್ಣಿನ ಗುರುತೇ ಇಲ್ಲ. ಇದು ಹುಟ್ಟುವಾಗಲೇ ಹೀಗಿರುತ್ತದೆಯೇ ಎಂದು ಕೇಳಿದೆ. ಅವಳು ನಕ್ಕು, "ಟೀಚರ್ ಸಹ ಮೊದಲ ದಿನ ಇದನ್ನೇ ಕೇಳಿದ್ದು ಮಾಸ್ತರೇ" ಎಂದಳು. ಆಮೇಲೆ ನೀನೇ ಪುಸ್ತಕ ನೋಡಿಕೊಂಡು ಬಂದು ಅವಳಿಗೆ ಹೇಳಿದೆಯಂತೆ: ಹುಟ್ಟುವಾಗ ಎಲ್ಲ ಮೀನಿನಂತೆ ಎರಡೂ ಕಡೆ ಒಂದೊಂದು ಕಣ್ಣು ಇರುತ್ತದೆ, ತಳ ಸೇರಿ ಮಗ್ಗುಲಾಗಿ ಮಲಗುವ ಹೊತ್ತಿಗೆ ಒಂದು ಕಣ್ಣು ತಲೆ ದಾಟಿ ಈಚೆ ಬರುತ್ತದೆ ಎಂದು.

ಮೊದಲ ದಿನ ಎಂದರೆ? ಟೀಚರ್ ಇಲ್ಲಿಗೆ ಎಷ್ಟು ದಿನ ಬಂದಿದ್ದಾಳೆ ಎಂದು ಕೇಳಿದೆ. ಅವಳಿಗೆ ನೀನು ನಮ್ಮಿಂದ ಮುಚ್ಚಿಟ್ಟಿದ್ದೀ ಎಂದು ಗೊತ್ತಿರಲಿಲ್ಲ, ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ಎರಡು ವರ್ಷದಿಂದ, ರವಿವಾರ ಇಳಿತ ಬೆಳಗ್ಗೆ ಬಿದ್ದರೆ ತಪ್ಪಿಸುವುದಿಲ್ಲ ಎಂದಳು. ಎಷ್ಟು ನೀರಿಗೆ ಹೋಗುತ್ತಾಳೆ ಎಂದೆ. ಅವಳು ಸೊಂಟ ಮುಟ್ಟಿ ತೋರಿಸಿದಳು. ನಾನು ಅಲ್ಲೇ ಒಂದು ಮಗುಚಿದ ದೋಣಿಯ ಮೇಲೆ ಕೂತೆ.

ನಿನ್ನ ಅಣ್ಣ ಮಿಲಿಂದನ ಹೆಸರನ್ನು ನಮ್ಮ ಮನೆಯಲ್ಲಿ ನಾವು ಮೂವರೂ ಸುತ್ತು ಹಾಕಿಯೇ ನಡೆದಿದ್ದೇವೆ. ಅವನಿಗೆ ಹನ್ನೊಂದು, ನಿನಗೆ ಎಂಟು. ಭೀಮೆಯಲ್ಲಿ ಮರಳು ತೆಗೆದ ಗುಂಡಿಯ ಮೇಲೆ ನೀರು ನಿಂತು, ಅದೂ ಉಳಿದ ಹೊಳೆಯಂತೆಯೇ ಕಾಣುತ್ತಿತ್ತು. ಮೊಣಕಾಲುದ್ದ ಎಂದು ಕಾಲಿಟ್ಟ ಮಗ ಮೇಲೆ ಬರಲಿಲ್ಲ. ಆಮೇಲೆ ನಿನ್ನ ಅವ್ವ ನಿನ್ನನ್ನು ಕೆನಾಲಿನ ಹತ್ತಿರಕ್ಕೂ ಬಿಡಲಿಲ್ಲ, ಮನೆಯೊಳಗೆ ಮೀನು ತರಿಸಲಿಲ್ಲ. ನಾನು ಶೂರನಂತೆ ಮಾತಾಡಿಕೊಂಡಿದ್ದರೂ ಸಾಲಿಗೆ ಹೊಳೆಯ ದಾರಿ ಬಿಟ್ಟು ಊರು ಬಳಸಿ ಹೋಗುತ್ತಿದ್ದೆ. ಹತ್ತೊಂಬತ್ತು ವರ್ಷ ನಾನು ನೀರಿಗೆ ಇಳಿದವನಲ್ಲ. ನಿನಗೆ ಕರಾವಳಿಯಲ್ಲಿ ನೌಕರಿ ಬಂದಾಗ ನಿನ್ನ ಅವ್ವ ಮೂರು ದಿನ ಒಲೆ ಹಚ್ಚಲಿಲ್ಲ, ನೆನಪಿದೆಯಲ್ಲ?

ಜನ್ನತಬಿ ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. ಆಮೇಲೆ ಹೇಳಿದಳು. ಮೊದಮೊದಲು ನೀನೂ ಒಂದು ತಿಂಗಳು ದಂಡೆಯಲ್ಲೇ ನಿಂತು ನೋಡುತ್ತಿದ್ದೆಯಂತೆ. ಅಣ್ಣನ ಸುದ್ದಿ ನೀನೇ ಹೇಳಿದೆಯಂತೆ. ಹಾಗಾದರೆ ನೀರಿಗೆ ಯಾಕೆ ಇಳಿಯಬೇಕು, ಮೀನು ಬೇಕಾದರೆ ನಾನು ಕೊಡುತ್ತೇನೆ ಎಂದು ಅವಳು ಅಂದಾಗ ನೀನು ಕೊಟ್ಟ ಉತ್ತರವನ್ನು ಅವಳು ನಿನ್ನ ದನಿಯಲ್ಲೇ ಹೇಳಲು ನೋಡಿದಳು: "ಮೀನು ಬ್ಯಾಡ್ರಿ. ನೀರಿನ ತಳ ಹೆಂಗಿರತೈತಿ ಅಂತ ನನ್ನ ಕಾಲಿಗೆ ಗೊತ್ತಾಗಬೇಕು."

ನಾನು ಧೋತರ ಮೇಲೆ ಕಟ್ಟಿದೆ, ಯಶೋಧಾ. ಧೈರ್ಯ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನೀನು ತಿಳಿದುಕೊಂಡದ್ದು ಏನು ಎಂದು ನನಗೂ ತಿಳಿಯಬೇಕಿತ್ತು, ಅಷ್ಟೆ. ಜನ್ನತಬಿ ಮುಂದೆ, ನಾನು ಹಿಂದೆ. "ಕಾಲು ಎತ್ತಬೇಡಿ ಮಾಸ್ತರೇ, ಎಳೀತಾ ಬನ್ನಿ. ಎತ್ತಿ ಇಟ್ಟರೆ ತೊರಕೆ ಮೇಲೆ ಇಟ್ಟುಬಿಡ್ತೀರಿ" ಎಂದಳು. ತೊರಕೆ ಎಂಬ ಮೀನಿಗೆ ಬಾಲದಲ್ಲಿ ಮುಳ್ಳಿದೆಯಂತೆ, ಚುಚ್ಚಿದರೆ ದೊಡ್ಡ ಆಳೂ ಅಳುತ್ತಾನಂತೆ. ಕಾಲು ಎಳೆದು ಬಂದರೆ ಸಪ್ಪಳಕ್ಕೆ ತಾನೇ ಸರಿದು ಹೋಗುತ್ತದಂತೆ. ನೀರು ಕಲಕಿ ಏನೂ ಕಾಣುತ್ತಿರಲಿಲ್ಲ. ನನಗೆ ಮಾತ್ರ ಒಂದೊಂದು ಹೆಜ್ಜೆಗೂ ಮುಂದೆ ಗುಂಡಿ ಇದೆ ಎಂದೇ ಅನಿಸುತ್ತಿತ್ತು. ಹೆಬ್ಬೆರಳಿನಿಂದ ಮೊದಲು ಮುಟ್ಟಿ ನೋಡುವುದು, ಆಮೇಲೆ ಹಿಮ್ಮಡಿ ಊರುವುದು. ಗಟ್ಟಿ ಮರಳು, ಮೆದು ಕೆಸರು, ಮತ್ತೆ ಚಿಪ್ಪಿನ ಚೂರು, ಒಂದು ಕಡೆ ತಣ್ಣನೆಯ ಸೆಲೆ. ತಳ ಒಂದೇ ಥರ ಇಲ್ಲ, ಆದರೆ ಎಲ್ಲೂ ಕೈಬಿಡಲಿಲ್ಲ. ಇಪ್ಪತ್ತು ಹೆಜ್ಜೆಗೆ ಬೆನ್ನೆಲ್ಲ ಬೆವರು. ಆಗ ಎಡಗಾಲಿನ ಅಡಿಯಲ್ಲಿ ನೆಲವೇ ಮಿಸುಕಿತು. ನಾನು ಚೀರಿ ಕಾಲೆತ್ತಿದೆ. ನಂಗು ಓಡಿತು. ಜನ್ನತಬಿ ನಗಲಿಲ್ಲ, ಅದು ಅವಳ ದೊಡ್ಡತನ.

ಮರುದಿನ ಇಳಿತ ಮುಕ್ಕಾಲು ತಾಸು ತಡವಾಗಿ ಬಂತು, ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಹಾಗೆಯೇ. ಗಡಿಯಾರ ನೋಡಿ ಎಷ್ಟು ಸಂತೋಷವಾಯಿತೆಂದರೆ, ಕೌಸರ ಈಗ ಎಲ್ಲಿದ್ದಾಳೋ, ಕರೆತಂದು ತೋರಿಸಬೇಕು ಅನಿಸಿತು. ಅಂದು ಜನ್ನತಬಿ ಈಟಿಯನ್ನು ನನ್ನ ಕೈಗೆ ಕೊಟ್ಟಳು. ಕಾಲಿನ ಅಡಿ ಮೀನು ಸಿಕ್ಕರೆ ಭಾರ ಬಿಡಬಾರದು, ಹೆಚ್ಚಿಸಲೂ ಬಾರದು. ಈಟಿಯನ್ನು ಬೆರಳಿನಿಂದ ಒಂದು ಗೇಣು ಮುಂದೆ, ಹೊರಗೆ ವಾಲಿಸಿ ಇಳಿಸಬೇಕು. ಎಲ್ಲ ಕೇಳಿಸಿಕೊಂಡೆ. ಮೀನು ಮಿಸುಕಿದ ಕೂಡಲೇ ಎಲ್ಲ ಮರೆತೆ. ಹೆಬ್ಬೆರಳಿನ ಕಥೆ ಇಷ್ಟೇ. ಅವಳು ತಲೆವಸ್ತ್ರದ ಅಂಚು ಹರಿದು ಕಟ್ಟಿ, ಎಲ್ಲರೂ ಒಮ್ಮೆ ತಮ್ಮ ಕಾಲಿಗೇ ಹೊಡೆದುಕೊಳ್ಳುತ್ತಾರೆ, ನಿಮ್ಮ ಮಗಳು ಚಪ್ಪಲಿಗೆ ಹೊಡೆದಳು ಎಂದು ಸಮಾಧಾನ ಹೇಳಿದಳು.

ಮೂರನೆಯ ದಿನ ನೋವಿದ್ದರೂ ಹೋದೆ. ಸೊಂಟದ ನೀರಿನವರೆಗೆ ಹೋದೆ. ಸುಮಾರು ಒಂದು ತಾಸು ಏನೂ ಸಿಗಲಿಲ್ಲ. ಬಳಚು ಆರಿಸುವವರು ಎದ್ದು ಹೋಗತೊಡಗಿದ್ದರು, ನೀರು ಮತ್ತೆ ಏರುವ ಭರತಿಯ ಹೊತ್ತು. ಆಗ ಬಲಗಾಲಿನ ಅಡಿ ಬಂತು. ಈ ಸಲ ಚೀರಲಿಲ್ಲ. ಉಸಿರು ಹಿಡಿದು ನಿಂತೆ. ಮೀನು ಒಮ್ಮೆ ನಡುಗಿ ಸುಮ್ಮನಾಯಿತು, ನಾನೂ ಹಾಗೆಯೇ. ಈಟಿ ಇಳಿಸಿದೆ, ಕೈ ಹಾಕಿ ಅದುಮಿದೆ, ಮೂಗಿನವರೆಗೆ ನೀರು ಬಂತು, ಎತ್ತಿದೆ. ಒಂದೂವರೆ ಗೇಣಿನ ನಂಗು. ಅದರ ಎರಡೂ ಕಣ್ಣು ನನ್ನನ್ನೇ ನೋಡುತ್ತಿದ್ದವು, ಅದಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಮೇಲೆ ಅಲ್ಲೇ, ನೀರಿನಲ್ಲಿ ನಿಂತೇ, ಮಿಲಿಂದನ ಹೆಸರನ್ನು ದನಿ ತೆಗೆದು ಕರೆದೆ. ಎಷ್ಟು ವರ್ಷವಾಗಿತ್ತೋ. ಜನ್ನತಬಿ ಬೇರೆ ಕಡೆ ಮುಖ ಮಾಡಿ ನಿಂತಿದ್ದಳು. ಮೀನನ್ನು ಅವಳ ಮನೆಯಲ್ಲೇ ಹುರಿದು ಉಂಡೆವು. ನೀನು ಬರುವಷ್ಟರಲ್ಲಿ ಧೋತರ ಒಗೆದು ಒಣಗಿಸಿ, ಮೆಟ್ಟಿಲಿನ ಕಥೆ ಕಟ್ಟಿಟ್ಟಿದ್ದೆ.

ಬರುವಾಗ ಕೊಲ್ಹಾರದ ಸೇತುವೆಯ ಮೇಲೆ ಕೃಷ್ಣೆಯ ನೀರು ಕಾಣುವಷ್ಟು ಹೊತ್ತೂ ಕಿಟಕಿಯ ಆಚೆಯೇ ನೋಡಿದೆ. ಬಸವನ ಬಾಗೇವಾಡಿಯಲ್ಲಿ ಇಳಿದು ಸಿಂದಗಿ ಬಸ್ಸಿಗೆ ಎರಡು ತಾಸು ಕಾದೆ. ಅಷ್ಟು ಹೊತ್ತೂ ನಿನ್ನ ಅವ್ವನಿಗೆ ಹೇಗೆ ಹೇಳುವುದು ಎಂದೇ ಯೋಚನೆ. ನಾಲ್ಕು ದಿನ ಹೇಳಲಿಲ್ಲ. ನಿನ್ನೆ ಹೊಲದಿಂದ ಬಂದ ಮೇಲೆ, ಅವಳು ರೊಟ್ಟಿ ಬಡಿಯುವಾಗ ಹೇಳಿದೆ. ನೀನು ನೀರಿಗೆ ಇಳಿಯುವುದು, ನಾನು ಇಳಿದದ್ದು, ನೀನು ಜನ್ನತಬಿಗೆ ಹೇಳಿದ ಮಾತು, ಎಲ್ಲ. ಬೈಯುತ್ತಾಳೆ ಎಂದು ಕಾದೆ. ಅವಳ ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು, ತೆಗೆಯಲಿಲ್ಲ. ಒಂದೇ ಮಾತು ಕೇಳಿದಳು: "ಅಲ್ಲಿ ತಳ ಕಾಲಿಗೆ ಹತ್ತತೈತೇನ್ರಿ?"

"ಹತ್ತತೈತಿ. ನಾ ನೋಡೇನಿ" ಎಂದೆ. ಅವಳು ತಲೆಯಾಡಿಸಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.

ಕೆಮ್ಮಿಗೆ ಅಜಿವಾನ ಕಳಿಸುತ್ತೇವೆ, ತಪ್ಪದೆ ತಗೋ. ಬಿಸಿಲಿನಲ್ಲಿ ತಲೆಗೆ ಬಟ್ಟೆ ಇರಲಿ. ಜನ್ನತಬಿಗೆ ನನ್ನ ನಮಸ್ಕಾರ ಹೇಳು, ಅವಳ ತಲೆವಸ್ತ್ರಕ್ಕೆ ಬದಲು ನಿನ್ನ ಅವ್ವ ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ನಿನಗೆ ನಮ್ಮಿಬ್ಬರ ಹರಕೆ, ಸುಖವಾಗಿರು. ಜೈಭೀಮ್.

ನಿನ್ನ ಅಪ್ಪ,
ರಾವಸಾಬ

ತಾ.ಕ.: ಬರೆಯಬೇಕಾದದ್ದನ್ನೇ ಬಿಟ್ಟು ಲಕೋಟೆ ಅಂಟಿಸಲು ಹೊರಟಿದ್ದೆ. ನಾನು ನಿನ್ನಲ್ಲಿಗೆ ಬಂದದ್ದು ಸಮುದ್ರ ನೋಡಲು ಮಾತ್ರವಲ್ಲ. ನಿಮ್ಮ ಆ ಕಡೆಯ ಒಬ್ಬ ಶಿಕ್ಷಕಿ ಇಲ್ಲಿ ಸಿಂದಗಿ ತಾಲ್ಲೂಕಿನಲ್ಲಿದ್ದಾಳೆ, ನಿನ್ನ ಜೊತೆ ಪರಸ್ಪರ ವರ್ಗಾವಣೆಗೆ ಒಪ್ಪಿದ್ದಾಳೆ. ಅರ್ಜಿಯನ್ನು ನಾನೇ ತುಂಬಿ ಚೀಲದಲ್ಲಿಟ್ಟುಕೊಂಡು ಬಂದಿದ್ದೆ, ನಿನ್ನ ಸಹಿಯೊಂದೇ ಬಾಕಿ. ನಿನಗೆ ಇಲ್ಲ ಎನ್ನಲು ಬರದಂತೆ ಏನೇನು ಹೇಳಬೇಕು ಎಂಬುದನ್ನೂ ನಾನೂ ನಿನ್ನ ಅವ್ವನೂ ಕೂತು ಮಾತಾಡಿಕೊಂಡಿದ್ದೆವು. ಅಲ್ಲಿ ತೆಗೆಯಲು ಮನಸ್ಸಾಗಲಿಲ್ಲ. ಇವತ್ತು ಮುಂಜಾನೆ ನಿನ್ನ ಅವ್ವನೇ ಅದನ್ನು ಚೀಲದಿಂದ ತೆಗೆದು ಕೈಗೆ ಕೊಟ್ಟು, "ಆಕೀನ್ನ ಕೇಳ್ರಿ. ನಾವಽ ತೀರ್ಮಾನ ಮಾಡೂದು ಬ್ಯಾಡ" ಎಂದಳು. ಈ ಕಾಗದದ ಜೊತೆ ಇಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ಆ ಶಿಕ್ಷಕಿಗೆ ಉತ್ತರ ಹೇಳಬೇಕು. ಸಹಿ ಮಾಡಿದರೂ ಸರಿ, ಹರಿದರೂ ಸರಿ. ನಿನ್ನ ಎಂಟನೆಯ ವಯಸ್ಸಿನಿಂದ ನೀನು ಎಲ್ಲೆಲ್ಲಿ ಹೋಗಬಾರದು ಎಂದಷ್ಟೇ ಹೇಳುತ್ತ ಬಂದೆವು, ನಿನಗೆ ಎಲ್ಲಿ ಇರಬೇಕು ಅನಿಸುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಬರೆದೇ ತಿಳಿಸು. ಫೋನಿನಲ್ಲಾದರೆ ನಮ್ಮ ದನಿ ಕೇಳಿ ನೀನು ಉತ್ತರ ಬದಲಿಸುತ್ತೀ.